ನಾನು ಅತ್ತಿದ್ದಕ್ಕೆ 46 ಪರ್ಸೆಂಟ್

ಶನಿವಾರ ರಾತ್ರಿ ನಾನು ಥಿಯೇಟರಿನಲ್ಲಿ ಕೂತು ಅತ್ತೆ. ಅತ್ತೆ ಅಂದರೆ ಹೆಂಡತಿಯ ತಾಯಿ ಅಲ್ಲ, ಕಣ್ಣೀರಿನ ಅತ್ತೆ. ಭಾನುವಾರ ಬೆಳಗ್ಗೆ ಗೊತ್ತಾಯಿತು, ಅಲ್ಲಿ ಅಳಬಾರದಿತ್ತಂತೆ. ಆ ಸಿನಿಮಾಕ್ಕೆ ಬಂದಿರುವುದು ಬರೀ 46 ಪರ್ಸೆಂಟ್.

ಮಾಮೂಲಿ ಸೂಪರ್‌ಹೀರೋ ಸಿನಿಮಾ. ಹೀರೋ ಒಂದು ಊರನ್ನು ಉಳಿಸುತ್ತಾನೆ. ಉಳಿಸುವ ಭರದಲ್ಲಿ ಅರ್ಧ ಊರನ್ನು ತಾನೇ ಕೆಡವುತ್ತಾನೆ. ಅದಕ್ಕೆಲ್ಲ ನಾನು ಅಳುವವನಲ್ಲ. ಆದರೆ ಕೊನೆಯಲ್ಲಿ ಅವನನ್ನು ಸಾಕಿದ ಮುದುಕ ಸಾಯುತ್ತಾನೆ. ಸಾಯುವ ಮುಂಚೆ ನಡುಗುವ ಕೈಯಲ್ಲಿ ಹುಡುಗನ ಹರಿದ ಗ್ಲೌಸಿನ ಗುಂಡಿ ಹಾಕುತ್ತಾನೆ. ಮಾತಿಲ್ಲ, ಹಾಡಿಲ್ಲ. ಒಂದು ಗುಂಡಿ, ಅಷ್ಟೇ. ನನಗೆ ತಡೆಯೋಕೆ ಆಗಲಿಲ್ಲ.

ನನ್ನ ಕನ್ನಡಕದ ಮೇಲೆ ಅವರು ಕೊಟ್ಟ ತ್ರೀಡಿ ಕನ್ನಡಕ ಬೇರೆ ಇತ್ತು. ಎರಡು ಕನ್ನಡಕ ಹಾಕಿಕೊಂಡು ಅಳುವುದು ಎಷ್ಟು ಕಷ್ಟ ಅಂತ ಅತ್ತವರಿಗೇ ಗೊತ್ತು. ಮೇಲಿನದನ್ನು ತೆಗೆದರೆ ಪರದೆಯ ಮೇಲೆ ಮುದುಕ ಇಬ್ಬರಾಗುತ್ತಾನೆ. ಎರಡನ್ನೂ ತೆಗೆದರೆ ಮುದುಕನೇ ಇಲ್ಲ. ತೆಗೆಯದೇ ಬಿಟ್ಟರೆ ಒಳಗೆ ಆವಿ ಕಟ್ಟಿಕೊಂಡು ಸಾವಿನ ದೃಶ್ಯ ಬಚ್ಚಲುಮನೆಯಲ್ಲಿ ನಡೆದ ಹಾಗೆ ಕಾಣುತ್ತದೆ. ಕೊನೆಗೆ ಬೆರಳನ್ನು ಎರಡು ಕನ್ನಡಕದ ಕೆಳಗಿನಿಂದ ತೂರಿಸಿ ಒರೆಸಿಕೊಂಡೆ. ಅಷ್ಟು ಕಷ್ಟಪಟ್ಟು ಅತ್ತದ್ದು, ಬರೀ 46ಕ್ಕೆ.

ಈ ಸುದ್ದಿ ಮುಟ್ಟಿಸಿದವನು ನನ್ನ ಭಾಮೈದ.

ಅವನು ಒಳ್ಳೆಯ ಹುಡುಗ. ಕರೆದಾಗ ಬರುತ್ತಾನೆ, ಸಾಲ ಕೇಳುವುದಿಲ್ಲ. ಇರುವುದು ಒಂದೇ ಖಾಯಿಲೆ. ಸಿನಿಮಾ ನೋಡುವುದಕ್ಕಿಂತ ಅದಕ್ಕೆ ನಂಬರ್ ಹಾಕುವುದೇ ಅವನಿಗೆ ಜಾಸ್ತಿ ಇಷ್ಟ. ಅದೂ ಪಾಯಿಂಟ್ ಲೆಕ್ಕದಲ್ಲಿ. ಏಳು ಅನ್ನುವುದಿಲ್ಲ, ಏಳು ಪಾಯಿಂಟ್ ಎರಡು ಅನ್ನುತ್ತಾನೆ. ಆ ಪಾಯಿಂಟ್ ಎರಡು ಎಲ್ಲಿಂದ ಬಂತು ಅಂತ ಕೇಳಿದರೆ ಕಣ್ಣು ಮುಚ್ಚಿ ಒಂದು ನಿಮಿಷ ಯೋಚನೆ ಮಾಡಿ, "ಬ್ಯಾಕ್‌ಗ್ರೌಂಡ್ ಸ್ಕೋರ್ ಭಾವ" ಅನ್ನುತ್ತಾನೆ.

ಸಿನಿಮಾ ಮುಗಿದ ಮೇಲೆ ಹೇಳಿದರೂ ಸಹಿಸಿಕೊಳ್ಳಬಹುದಿತ್ತು. ಅವನದು ನೇರ ಪ್ರಸಾರ. ನನ್ನ ಕಿವಿಯ ಪಕ್ಕದಲ್ಲೇ ಸ್ಕೋರ್‌ಬೋರ್ಡ್ ಓಡುತ್ತಿರುತ್ತದೆ. ಶನಿವಾರವೂ ಅದೇ. ಹೀರೋ ಮೊದಲ ಸಲ ಹಾರಿದಾಗ "ಏಳೂವರೆ" ಅಂದ. ಕೊಲ್ಲುವ ಅವಕಾಶ ಕೈಯಲ್ಲಿದ್ದರೂ ವಿಲನ್ ಕೊಲ್ಲದೆ ತನ್ನ ಪ್ಲಾನನ್ನೆಲ್ಲ ವಿವರವಾಗಿ ಹೇಳಲು ಶುರು ಮಾಡಿದಾಗ "ಏಳು ಪಾಯಿಂಟ್ ಒಂದು" ಆಯಿತು. ಆಕಾಶಕ್ಕೆ ನೀಲಿ ಬೆಳಕಿನ ಕಂಬ ಎದ್ದಾಗಲಂತೂ ಹಲ್ಲು ಕಡಿಯುವ ಸದ್ದು ನನಗೇ ಕೇಳಿಸಿತು. "ಮತ್ತೆ ಬಂತು ನೋಡಿ ಈ ಟ್ಯೂಬ್‌ಲೈಟು. ಆರು ಪಾಯಿಂಟ್ ನಾಲ್ಕು."

ಮುಂದಿನ ಸಾಲಿನಲ್ಲಿದ್ದ ಹೆಂಗಸು ತಿರುಗಿ, "ಸರ್, ಸ್ವಲ್ಪ ಸುಮ್ನಿರ್ತೀರಾ?" ಅಂದರು. ಇವನು ಸುಮ್ಮನಾದ. ಐದು ಸೆಕೆಂಡ್ ಬಿಟ್ಟು ನನ್ನ ಕಡೆ ವಾಲಿ, "ಆಡಿಯನ್ಸ್ ಸರಿ ಇಲ್ಲ, ಆರು ಪಾಯಿಂಟ್ ಎರಡು" ಅಂದ. ಪಾಪ, ಅವರು ಬೈದಿದ್ದಕ್ಕೆ ಸಿನಿಮಾಕ್ಕೆ ಫೈನು.

ಥಿಯೇಟರಿನ ಹೊರಗೂ ಬಿಡುವವನಲ್ಲ. ನಾನು ಕಾರು ರಿವರ್ಸ್ ತೆಗೆದರೆ ಹಿಂದೆ ನಿಂತು "ಬನ್ನಿ ಬನ್ನಿ" ಅನ್ನಬೇಕಾದವನು "ಐದೂವರೆ" ಅನ್ನುತ್ತಾನೆ. ನಮ್ಮ ಮದುವೆಯ ವಿಡಿಯೋ ನೋಡಿ, "ಸೆಕೆಂಡ್ ಹಾಫ್ ಎಳೆದಿದ್ದಾರೆ ಭಾವ" ಅಂದಿದ್ದಾನೆ. ಅದರಲ್ಲಿ ಇರುವುದು ಅವನ ಸ್ವಂತ ಅಕ್ಕ. ಹದಿನೈದು ವರ್ಷದಿಂದ ಆ ಸೆಕೆಂಡ್ ಹಾಫಿನಲ್ಲೇ ಇರುವ ನನಗೆ ಏನು ಹೇಳಬೇಕೋ ಗೊತ್ತಾಗಲಿಲ್ಲ.

ಸಿನಿಮಾ ಮುಗಿಯಿತು. ಯಾರೂ ಏಳಲಿಲ್ಲ. ಸೂಪರ್‌ಹೀರೋ ಸಿನಿಮಾದಲ್ಲಿ ಮುಗಿದ ಕೂಡಲೇ ಎದ್ದವನು ಹೊಸಬ ಅಂತ ಅರ್ಥ. 2008ರಲ್ಲಿ ಐರನ್ ಮ್ಯಾನ್ ಸಿನಿಮಾದ ಕೊನೆಯಲ್ಲಿ, ಹೆಸರುಗಳೆಲ್ಲ ಓಡಿದ ಮೇಲೆ, ಒಂದು ಕಣ್ಣಿಗೆ ಪಟ್ಟಿ ಕಟ್ಟಿದ ಮನುಷ್ಯನೊಬ್ಬ ಬಂದು ಎರಡು ಮಾತಾಡಿ ಹೋದ. ಅವತ್ತಿನಿಂದ ನಾವೆಲ್ಲ ಕೂತೇ ಇದ್ದೇವೆ. ಕೂದಲು ಬಿಡಿಸಿದವರು ಯಾರು, ಲೆಕ್ಕ ಬರೆದವರು ಯಾರು, ನಟರ ಕಾರು ಓಡಿಸಿದವರು ಯಾರು, ಎಲ್ಲರ ಹೆಸರನ್ನೂ ಭಕ್ತಿಯಿಂದ ಓದಿದೆವು. ಪೊರಕೆ ಹಿಡಿದ ಹುಡುಗ ಬಾಗಿಲಲ್ಲಿ ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಾ ನಿಂತಿದ್ದ. ಕೊನೆಗೆ ಪರದೆಯ ಮೇಲೆ ಕತ್ತಲಿನಿಂದ ಒಬ್ಬ ಬಂದು ಟೋಪಿ ತೆಗೆದ. ಥಿಯೇಟರ್ ಪೂರ್ತಿ "ಹೋ" ಅಂತು. ನಾನೂ "ಹೋ" ಅಂದೆ. ಪಕ್ಕದ ಸೀಟಿನ ಪುಟ್ಟ ಹುಡುಗ ನನ್ನ ತೋಳು ಹಿಡಿದು, "ಅಂಕಲ್, ಅದ್ಯಾರು?" ಅಂದ. "ಮುಂದಿನ ಸಿನಿಮಾದಲ್ಲಿ ಹೇಳ್ತಾರೆ ಪುಟ್ಟ" ಅಂದೆ. ಯಾರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಬೆಳಗ್ಗೆ ಎದ್ದು ಫೋನ್ ನೋಡಿದರೆ ಫ್ಯಾಮಿಲಿ ಗ್ರೂಪಿನಲ್ಲಿ ಭಾಮೈದ ಒಂದು ಫೋಟೋ ಹಾಕಿದ್ದ. 46 ಅನ್ನುವ ಅಂಕಿ, ಪಕ್ಕದಲ್ಲಿ ಗೋಡೆಗೆ ಬಡಿದು ಒಡೆದುಹೋದ ಹಸಿರು ಟೊಮ್ಯಾಟೊ. ಕೆಳಗೆ ಒಂದು ಸಾಲು: "ಭಾವ ಅತ್ತ ಸಿನಿಮಾ."

ರಾಟನ್ ಟೊಮ್ಯಾಟೋಸ್ ನಿಮಗೆ ಗೊತ್ತಲ್ವಾ? ವಿಮರ್ಶಕರ ಅಭಿಪ್ರಾಯಗಳನ್ನೆಲ್ಲ ಒಟ್ಟು ಮಾಡಿ ಸಿನಿಮಾಕ್ಕೆ ನಂಬರ್ ಹಾಕುವ ವೆಬ್‌ಸೈಟು, 1998ರಿಂದ ಇದೆ. ವಿಮರ್ಶಕರಲ್ಲಿ ನೂರಕ್ಕೆ 60 ಜನ ಅಥವಾ ಜಾಸ್ತಿ ಮಂದಿ ಚೆನ್ನಾಗಿದೆ ಅಂದರೆ ಕೆಂಪು ಟೊಮ್ಯಾಟೊ. ಇಲ್ಲದಿದ್ದರೆ ಈ ಹಸಿರು ಗೊಜ್ಜು. ನಾನು ಎಷ್ಟೋ ವರ್ಷ ಆ ನಂಬರನ್ನು ಪರೀಕ್ಷೆಯ ಮಾರ್ಕ್ಸ್ ಅಂತಲೇ ತಿಳಿದುಕೊಂಡಿದ್ದೆ. ಅಲ್ಲ. ಸಿನಿಮಾ ಎಷ್ಟು ಚೆನ್ನಾಗಿದೆ ಅಂತ ಅದು ಹೇಳುವುದೇ ಇಲ್ಲ. ಎಷ್ಟು ಜನ ತಲೆಯಾಡಿಸಿದರು ಅಂತ ಮಾತ್ರ ಹೇಳುತ್ತದೆ. ನೂರು ಜನ ಕೂತು "ಹೂಂ, ಪರವಾಗಿಲ್ಲಪ್ಪ" ಅಂದರೂ ನೂರಕ್ಕೆ ನೂರು. ಐವತ್ತು ಜನ ಕಣ್ಣೀರು ಹಾಕಿ ಅಪ್ಪಿಕೊಂಡು, ಇನ್ನೈವತ್ತು ಜನ ಮೂಗು ಮುರಿದರೆ ಒಡೆದ ಟೊಮ್ಯಾಟೊ.

ಈ ಜ್ಞಾನ ಹಿಡಿದುಕೊಂಡು ಭಾಮೈದನಿಗೆ ಫೋನ್ ಮಾಡಿದೆ. "46 ಜನಕ್ಕೆ ಇಷ್ಟ ಆಗಿದೆ ಅಂದರೆ ಒಂದು ಬಸ್ ತುಂಬ ಜನ ಕಣೋ" ಅಂದೆ.

"ಭಾವ, ಇನ್ನು 54 ಜನ ಆ ಬಸ್ ಹತ್ತೋದೇ ಬೇಡ ಅಂದಿದ್ದಾರೆ" ಅಂದ.

ಅವನ ಹತ್ತಿರ ವಾದ ಮಾಡಿ ಗೆಲ್ಲಲು ಆಗುವುದಿಲ್ಲ. ಯಾಕೆಂದರೆ ಅವನ ಜೇಬಿನಲ್ಲಿ ಯಾವಾಗಲೂ ಇನ್ನೊಂದು ನಂಬರ್ ಇರುತ್ತದೆ. ಅವನ ಮೆಚ್ಚಿನ ಸಿನಿಮಾವನ್ನು ವಿಮರ್ಶಕರು ಬೈದರೆ, ವಿಮರ್ಶಕರಿಗೆ ಏನು ಗೊತ್ತು, ಅದೇ ಸೈಟಿನಲ್ಲಿ ಸಾಮಾನ್ಯ ಜನರ ಅಂಕ ತೋರಿಸುವ ಪಾಪ್‌ಕಾರ್ನ್ ಡಬ್ಬ ನೋಡಿ ಅನ್ನುತ್ತಾನೆ. ಜನ ಬೈದರೆ, ಅವರೆಲ್ಲ ಸಿನಿಮಾ ನೋಡದೆ ಬೈಯುವವರು ಅನ್ನುತ್ತಾನೆ. ಇಬ್ಬರೂ ಬೈದರೆ, ಯಾರು ಬೇಕಾದರೂ ಸಿನಿಮಾಕ್ಕೆ ನಕ್ಷತ್ರ ಕೊಡಬಹುದಾದ ಐಎಂಡಿಬಿ ಅನ್ನುವ ಇನ್ನೊಂದು ಸೈಟಿಗೆ ಹೋಗುತ್ತಾನೆ. ಅಲ್ಲೂ ಸೋತರೆ, "ಇದು ಹತ್ತು ವರ್ಷ ಆದಮೇಲೆ ಅರ್ಥ ಆಗುವ ಸಿನಿಮಾ."

ನೋಡದೆ ಬೈಯುವವರು ಇರುವುದಂತೂ ನಿಜ. 2019ರಲ್ಲಿ ಕ್ಯಾಪ್ಟನ್ ಮಾರ್ವೆಲ್ ಬಿಡುಗಡೆಗೆ ಮುಂಚೆಯೇ ಜನ ಕೆಟ್ಟದಾಗಿ ಬರೆಯಲು ಶುರು ಮಾಡಿದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಹಳೆಯ ಕಾಲ. ಇಲ್ಲಿ ಹುಟ್ಟುವ ಮುಂಚೆಯೇ ಕೂಸಿನ ಮೂಗು ಸರಿ ಇಲ್ಲ ಅಂತ ದೂರು. ಕೊನೆಗೆ ರಾಟನ್ ಟೊಮ್ಯಾಟೋಸ್‌ನವರು ಬಿಡುಗಡೆಗೆ ಮುಂಚೆ ಕಾಮೆಂಟ್ ಬರೆಯುವುದನ್ನೇ ನಿಲ್ಲಿಸಿದರು. ಅದೇ ವರ್ಷ, ಟಿಕೆಟ್ ತಗೊಂಡಿದ್ದು ಖಾತ್ರಿ ಆದವರ ಅಂಕವನ್ನು ಬೇರೆಯಾಗಿ ತೋರಿಸಲು ಶುರು ಮಾಡಿದರು. ನೋಡದೆ ಹೊಗಳುವವರೂ ಕಡಿಮೆ ಇಲ್ಲ. 2012ರಲ್ಲಿ ಬ್ಯಾಟ್‌ಮ್ಯಾನ್‌ನ ಹೊಸ ಸಿನಿಮಾ ಚೆನ್ನಾಗಿಲ್ಲ ಅಂತ ಬರೆದ ವಿಮರ್ಶಕರಿಗೆ ಅಭಿಮಾನಿಗಳಿಂದ ಕೊಲೆ ಬೆದರಿಕೆ ಬಂತು. ಸಿನಿಮಾ ಆಗ ಇನ್ನೂ ಬಿಡುಗಡೆಯೇ ಆಗಿರಲಿಲ್ಲ. ನನ್ನ ಭಾಮೈದ ಕನಿಷ್ಠ ಪಕ್ಷ ಸಿನಿಮಾ ನೋಡಿಯೇ ನನಗೆ ಹಿಂಸೆ ಕೊಡುತ್ತಾನೆ, ಅಷ್ಟರಮಟ್ಟಿಗೆ ನಾನು ಪುಣ್ಯವಂತ.

ಸುಮ್ನೆ ತಮಾಷೆ ಮಾಡುವವರ ಕಥೆ ಇನ್ನೊಂದು. 2022ರಲ್ಲಿ ಮಾರ್ಬಿಯಸ್ ಅಂತ ಒಂದು ಬಂತು, ಬಂದ ಹಾಗೇ ಮಲಗಿತು. ಆಮೇಲೆ ಇಂಟರ್‌ನೆಟ್ ತುಂಬ ಅದೇ ಸಿನಿಮಾದ ಜೋಕು. ಅದನ್ನು ನೋಡಿ, ಓಹೋ ಜನರಿಗೆ ಈಗ ಪ್ರೀತಿ ಬಂದಿದೆ ಅಂದುಕೊಂಡರೋ ಏನೋ, ಜೂನ್‌ನಲ್ಲಿ ಅಮೆರಿಕದ ಸಾವಿರ ಥಿಯೇಟರುಗಳಿಗೆ ಮತ್ತೆ ತಂದರು. ಯಾರೂ ಬರಲಿಲ್ಲ. ಒಂದೇ ಸಿನಿಮಾ ಒಂದೇ ವರ್ಷ ಎರಡು ಸಲ ತೋಪಾಯಿತು.

ಅಮೆರಿಕದಲ್ಲಿ ಇನ್ನೊಂದು ಪದ್ಧತಿ ಇದೆ, ನನಗೆ ಅದು ಸ್ವಲ್ಪ ಇಷ್ಟ. ಸಿನಿಮಾಸ್ಕೋರ್ ಅಂತ. ಮೊದಲ ದಿನ ನೋಡಿ ಹೊರಗೆ ಬರುವವರಿಗೆ ಬಾಗಿಲಲ್ಲೇ ಒಂದು ಚೀಟಿ ಕೊಟ್ಟು ಕೇಳುತ್ತಾರೆ, ಎ ಪ್ಲಸ್‌ನಿಂದ ಎಫ್ ತನಕ ಗ್ರೇಡು. ಮೊದಲ ದಿನವೇ ನುಗ್ಗಿ ಬಂದವರು ಹೆಚ್ಚಾಗಿ ಅಭಿಮಾನಿಗಳು, ಹಾಗಾಗಿ ಅಲ್ಲಿ ಬಿ ಬಂದರೂ ಸೂತಕದ ಮನೆ. 2024ರಲ್ಲಿ ಜೋಕರ್‌ನ ಎರಡನೇ ಭಾಗಕ್ಕೆ ಡಿ ಬಂತು. ಆದರೂ ಕಣ್ಣಿನ ಪಸೆ ಆರುವ ಮುಂಚೆ ಕೇಳುತ್ತಾರಲ್ಲ, ಅದು ನ್ಯಾಯ. ಶನಿವಾರ ರಾತ್ರಿ ಬಾಗಿಲಲ್ಲಿ ಯಾರಾದರೂ ನನ್ನನ್ನು ಕೇಳಿದ್ದರೆ ಎ ಪ್ಲಸ್ ಕೊಟ್ಟು ಅವರ ಹೆಗಲ ಮೇಲೆ ಇನ್ನೊಂದು ಸಲ ಅಳುತ್ತಿದ್ದೆ.

ನಾನು ಚಿಕ್ಕವನಿದ್ದಾಗ ನಮ್ಮ ಮನೆಯ ವಿಮರ್ಶಕಿ ಅಜ್ಜಿ. ಸಿನಿಮಾ ನೋಡಿ ಬಂದವನು ಪೂರ್ತಿ ಕಥೆಯನ್ನು ಅಜ್ಜಿಗೆ ಹೇಳಬೇಕಿತ್ತು, ಹೊಡೆದಾಟದ ಸದ್ದೂ ಸೇರಿ. ಅಜ್ಜಿ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಆ ಹುಡುಗನಿಗೆ ಅಪ್ಪ ಅಮ್ಮ ಇಲ್ವೇನೋ?" ಈಗ ಯೋಚಿಸಿದರೆ ಆಶ್ಚರ್ಯ ಆಗುತ್ತದೆ. ಸೂಪರ್‌ಮ್ಯಾನ್‌ಗೆ ಇಲ್ಲ, ಹೆತ್ತವರ ಜೊತೆ ಗ್ರಹವೇ ಹೋಯಿತು. ಬ್ಯಾಟ್‌ಮ್ಯಾನ್‌ಗೆ ಇಲ್ಲ, ಗಲ್ಲಿಯಲ್ಲಿ ಯಾರೋ ಗುಂಡು ಹೊಡೆದರು. ಸ್ಪೈಡರ್‌ಮ್ಯಾನ್‌ಗೂ ಇಲ್ಲ, ದೊಡ್ಡಮ್ಮ ಸಾಕಿದ್ದು. ಅಜ್ಜಿ ಕೇಳಿ ಲೊಚಗುಟ್ಟಿ, "ಅದಕ್ಕೇ ಪಾಪ ಗೋಡೆ ಹತ್ಕೊಂಡು ತಿರುಗುತ್ತೆ. ಹೇಳೋರು ಕೇಳೋರು ಇಲ್ಲ" ಅನ್ನುತ್ತಿದ್ದರು. ಅದೇ ಅಂತಿಮ ತೀರ್ಪು. ನಂಬರ್ ಇರಲಿಲ್ಲ.

2016ರಲ್ಲಿ ಬ್ಯಾಟ್‌ಮ್ಯಾನ್ ಮತ್ತು ಸೂಪರ್‌ಮ್ಯಾನ್ ಹೊಡೆದಾಡುವ ಸಿನಿಮಾ ಬಂತು. ಒಬ್ಬ ಇನ್ನೊಬ್ಬನನ್ನು ಕೊಲ್ಲುವ ಹಂತಕ್ಕೆ ಬಂದಾಗ ಇಬ್ಬರ ತಾಯಂದಿರ ಹೆಸರೂ ಮಾರ್ಥಾ ಅಂತ ಗೊತ್ತಾಗುತ್ತದೆ. ಜಗಳ ಅಲ್ಲಿಗೇ ನಿಲ್ಲುತ್ತದೆ. ಲೋಕವೆಲ್ಲ ಆ ಸೀನನ್ನು ಆಡಿಕೊಂಡು ನಕ್ಕಿತು. ಟೊಮ್ಯಾಟೊ ಲೆಕ್ಕ 30 ಕೂಡ ದಾಟಲಿಲ್ಲ. ನನ್ನ ಅಜ್ಜಿ ಮಾತ್ರ ಆ ಸೀನಿಗೆ ಪೂರ್ತಿ ಅಂಕ ಕೊಡುತ್ತಿದ್ದರು, ನನಗೆ ಅನುಮಾನವೇ ಇಲ್ಲ. "ನೋಡಿದ್ಯಾ, ತಾಯಿ ಹೆಸರು ಅಂದ್ರೆ ಹಾಗೆ" ಅನ್ನುತ್ತಿದ್ದರು. ಅಷ್ಟು ಹೊತ್ತಿಗೆ ಅಜ್ಜಿ ಇರಲಿಲ್ಲ. ಥಿಯೇಟರ್ ನಗುತ್ತಿದ್ದಾಗ ಯಾರಿಗಾದರೂ ಇದನ್ನು ಹೇಳಬೇಕು ಅನ್ನಿಸಿ ಪಕ್ಕಕ್ಕೆ ತಿರುಗಿದೆ. ಭಾಮೈದ ಕೂತಿದ್ದ. "ಮೂರೂವರೆ" ಅಂದ.

ಇರಲಿ. ಭಾನುವಾರ ಸಂಜೆ ನಾನೂ ಒಂದು ನಿರ್ಧಾರ ಮಾಡಿದೆ. ಆ ಮುದುಕನ ಪರವಾಗಿ ಒಂದು ವೋಟು ಹಾಕಲೇಬೇಕು. ಐಎಂಡಿಬಿ ತೆರೆದು, ಪಾಸ್‌ವರ್ಡ್ ಮರೆತು, ಹೊಸದು ಮಾಡಿ, ಅದನ್ನೂ ತಪ್ಪಾಗಿ ಒತ್ತಿ, ಹೇಗೋ ಒಳಗೆ ಹೋದೆ. ಅಲ್ಲಿ ಒಂದರಿಂದ ಹತ್ತು ನಕ್ಷತ್ರ. ಸೊನ್ನೆ ಇಲ್ಲ, ಎಷ್ಟೇ ಸಿಟ್ಟಿದ್ದರೂ ಒಂದು ನಕ್ಷತ್ರ ದಾನ ಮಾಡಲೇಬೇಕು. ಹತ್ತು ನಕ್ಷತ್ರಗಳನ್ನು ಅಕ್ಕಿಕಾಳಿನ ಹಾಗೆ ಒತ್ತೊತ್ತಾಗಿ ಜೋಡಿಸಿದ್ದಾರೆ. ನನ್ನ ಹೆಬ್ಬೆರಳು ಒಂದೇ ಏಟಿಗೆ ಮೂರು ನಕ್ಷತ್ರ ಮುಚ್ಚುತ್ತದೆ. ಒಂಬತ್ತು ಒತ್ತಿದೆ. ಏನೋ ಬಣ್ಣ ಬದಲಾಯಿತು. ಆಯಿತು ಅನ್ನುವ ಹುರುಪಿನಲ್ಲಿ ಸ್ಕ್ರೀನ್‌ಶಾಟ್ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿ, "ಇದು ನನ್ನ ಮನಸ್ಸಿನ ಮಾತು" ಅಂತ ಬರೆದೆ. ಆಮೇಲೆ ಕನ್ನಡಕ ಹುಡುಕಿ ಹಾಕಿಕೊಂಡು ನೋಡಿದೆ.

ಒಂದು ನಕ್ಷತ್ರ.

ಡಿಲೀಟ್ ಮಾಡುವಷ್ಟರಲ್ಲಿ ಹನ್ನೊಂದು ಜನ ನೋಡಿಯಾಗಿತ್ತು. ಅತ್ತೆ, ಈ ಸಲ ಹೆಂಡತಿಯ ತಾಯಿ, ಚಪ್ಪಾಳೆ ಹಾಕಿದ್ದರು. ಭಾಮೈದ, "ಕೊನೆಗೂ ಭಾವನ ಕಣ್ಣು ತೆರೆಯಿತು" ಅಂತ ಬರೆದ. ರೇಟಿಂಗನ್ನು ಒಂಬತ್ತಕ್ಕೆ ಬದಲಾಯಿಸಿ ಮತ್ತೆ ಫೋಟೋ ಹಾಕಿದೆ. "ಒತ್ತಡಕ್ಕೆ ಮಣಿದರು" ಅಂತ ಬಂತು. ಯಾರ ಒತ್ತಡ? ಆ ಸತ್ತ ಮುದುಕನದಾ?

ಸಿಟ್ಟಿಗೆ ಅವನಿಗೆ ಫೋನ್ ಮಾಡಿದೆ. ಆಗ ಒಂದು ವಿಷಯ ನೆನಪಾಯಿತು. ಮುದುಕ ಗುಂಡಿ ಹಾಕುವ ಆ ಎರಡು ನಿಮಿಷ ನನ್ನ ಕಿವಿಯ ಪಕ್ಕದಲ್ಲಿ ಸದ್ದೇ ಇರಲಿಲ್ಲ. ಏಳು ಇಲ್ಲ, ಆರು ಇಲ್ಲ, ಪಾಯಿಂಟ್ ಇಲ್ಲ.

"ಲೋ, ಆ ಗ್ಲೌಸ್ ಸೀನಿಗೆ ಎಷ್ಟು ಕೊಟ್ಟೆ?" ಅಂತ ಕೇಳಿದೆ.

ಸ್ವಲ್ಪ ಹೊತ್ತು ಮಾತಿಲ್ಲ. "ಅದನ್ನು ನೋಡಲಿಲ್ಲ ಭಾವ. ತ್ರೀಡಿ ಕನ್ನಡಕ ಒರೆಸ್ತಾ ಇದ್ದೆ."

"ಎರಡು ನಿಮಿಷಾನಾ?"

"ತುಂಬಾ ಗಲೀಜಿತ್ತು" ಅಂದ. ಆಮೇಲೆ ಗಂಟಲು ಸರಿ ಮಾಡಿಕೊಂಡು, "ಮುಂದಿನ ಶುಕ್ರವಾರ ಇನ್ನೊಂದು ಬರ್ತಾ ಇದೆ, ನಿಮ್ಮದೂ ಒಂದು ಟಿಕೆಟ್ ಮಾಡ್ಲಾ?" ಅಂತ ಕೇಳಿದ.