ಗುಟ್ಟಾದ ಕೂಪನ್ ಕೋಡ್: ಒಂದು ಸ್ಪಷ್ಟನೆ

‘ಸೈಟ್‌ನಲ್ಲಿ ತೋರಿಸದೆ ಇಮೇಲ್‌ನಲ್ಲಿ ಮಾತ್ರ ಕಳಿಸಿದ ಕೂಪನ್ ಕೋಡನ್ನು (ರಿಯಾಯಿತಿ ಪಡೆಯಲು ತುಂಬುವ ಪದವನ್ನು) ಬೇರೆಯವರು ಬಳಸಲಾಗದು’ ಎಂಬ ಸಂದೇಶ ಆನ್‌ಲೈನ್ ಅಂಗಡಿ ನಡೆಸುವವರ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು. ಕೋಡ್ ಎಂದರೆ ಬರೀ ಅಕ್ಷರಗಳು. ಬೇರೆ ನಿರ್ಬಂಧ ಹಾಕದಿದ್ದರೆ ಯಾರ ಕೈಗೆ ಸಿಕ್ಕರೂ ಕೆಲಸ ಮಾಡುತ್ತದೆ. ಒಬ್ಬ ಗ್ರಾಹಕ ಸ್ಕ್ರೀನ್‌ಶಾಟ್ ಹಂಚಿದರೆ ಸಾಕು. ಕೂಪನ್ ಹುಡುಕುವ ಬ್ರೌಸರ್ ಎಕ್ಸ್‌ಟೆನ್ಶನ್‌ಗಳೂ (ಬ್ರೌಸರ್‌ಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶಗಳೂ) ಇಂಥವನ್ನು ಕಲೆಹಾಕುತ್ತವೆ.

ರಿಯಾಯಿತಿ ಆಯ್ದವರಿಗಷ್ಟೇ ಸಿಗಬೇಕಾದರೆ ಕೋಡನ್ನು ಆ ಗ್ರಾಹಕರ ಹೆಸರಿಗೋ ಇಮೇಲ್‌ಗೋ ಕಟ್ಟಬೇಕು. ಆನ್‌ಲೈನ್ ಅಂಗಡಿ ನಡೆಸುವ ತಂತ್ರಾಂಶವಾದ ವೂಕಾಮರ್ಸ್‌ನಲ್ಲಿ ಕೂಪನ್ ತೆರೆದು, ಬಳಕೆಯ ನಿರ್ಬಂಧಗಳ ಟ್ಯಾಬ್‌ನಲ್ಲಿರುವ ‘ಅಲೋಡ್ ಇಮೇಲ್ಸ್’ ಜಾಗದಲ್ಲಿ ಆ ಗ್ರಾಹಕರ ಇಮೇಲ್ ವಿಳಾಸಗಳನ್ನು ಅಲ್ಪವಿರಾಮ ಹಾಕಿ ತುಂಬಿ. ಆರ್ಡರ್‌ನ ಬಿಲ್ಲಿಂಗ್ ಇಮೇಲ್ ಅದಕ್ಕೆ ಹೊಂದದಿದ್ದರೆ ಕೋಡ್ ನಡೆಯದು. ಅಂಥದೇ ಇನ್ನೊಂದು ಸೇವೆಯಾದ ಶಾಪಿಫೈನಲ್ಲಾದರೆ ಗ್ರಾಹಕರ ಅರ್ಹತೆಯಡಿ ನಿರ್ದಿಷ್ಟ ಗ್ರಾಹಕರನ್ನೋ ಸೆಗ್ಮೆಂಟನ್ನೋ (ಗ್ರಾಹಕರ ಗುಂಪನ್ನೋ) ಆರಿಸಿ.

‘ಒಬ್ಬರಿಗೆ ಒಂದೇ ಸಲ’ ಎಂಬ ಮಿತಿಯನ್ನಷ್ಟೇ ನೆಚ್ಚಿಕೊಳ್ಳಬೇಡಿ. ಹೊಸ ಇಮೇಲ್ ಕೊಟ್ಟರೆ ಅದೇ ವ್ಯಕ್ತಿ ಹೊಸ ಗ್ರಾಹಕ! ಕೋಡನ್ನು ಇಮೇಲ್ ವಿಳಾಸಕ್ಕೆ ಕಟ್ಟುವ ಸೌಲಭ್ಯ ಇಲ್ಲದಿದ್ದರೆ, ಪ್ರತಿಯೊಬ್ಬರಿಗೂ ಬೇರೆ ಬೇರೆ ಕೋಡ್ ಮಾಡಿ, ಒಟ್ಟು ಬಳಕೆ 1 ಎಂದಿಟ್ಟು, ಕೊನೆಯ ದಿನಾಂಕ ಹಾಕಿ. ಸೋರಿದರೂ ನಷ್ಟ ಒಂದೇ ಆರ್ಡರ್‌ನದು.

ಕಳಿಸುವ ಮೊದಲು ಪಟ್ಟಿಯಲ್ಲಿಲ್ಲದ ಇಮೇಲ್‌ನಿಂದ ಚೆಕ್‌ಔಟ್‌ವರೆಗೂ (ಹಣ ಪಾವತಿಸುವ ಹಂತದವರೆಗೂ) ಹೋಗಿ ಪರೀಕ್ಷಿಸಿ. ಆ ಹಳೆಯ ಸಂದೇಶವನ್ನು ದಯವಿಟ್ಟು ಮುಂದಕ್ಕೆ ಕಳಿಸಬೇಡಿ.