ಕುಟ್ಟಾಣಿಗೆ ಬಿದ್ದ ಎಸ್‌ಆರ್ ಮಾತ್ರೆ

ದೊಡ್ಡ ಮಾತ್ರೆ ಗಂಟಲಲ್ಲಿ ಇಳಿಯುವುದಿಲ್ಲವೆಂದು ನನ್ನ ಅಮ್ಮ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಎಲೆಯಡಿಕೆಯ ಕುಟ್ಟಾಣಿಯಲ್ಲಿ ಪುಡಿ ಮಾಡಿ, ಮಜ್ಜಿಗೆಗೆ ಬೆರೆಸಿ ಕುಡಿಯುತ್ತಿದ್ದರೆಂಬುದು ನನಗೆ ತಿಳಿದದ್ದು ಎರಡು ತಿಂಗಳ ನಂತರ. ಹೊಟ್ಟೆ ತೊಳಸುತ್ತದೆ, ಭೇದಿಯಾಗುತ್ತದೆ ಎಂದು ಅವರು ಹೇಳಿದಾಗಲೆಲ್ಲ ನಾನು ಊಟವನ್ನು ದೂರಿದ್ದೆ. ಸ್ಟ್ರಿಪ್ ತಿರುಗಿಸಿ ನೋಡಿದರೆ ಮೆಟ್‌ಫಾರ್ಮಿನ್ ಎಂಬ ಹೆಸರಿನ ಪಕ್ಕದಲ್ಲಿ ಎಸ್‌ಆರ್ ಎಂಬ ಎರಡು ಇಂಗ್ಲಿಷ್ ಅಕ್ಷರಗಳಿದ್ದವು. ಇದು ಔಷಧವನ್ನು ನಿಧಾನವಾಗಿ ಬಿಡುವ ಮಾತ್ರೆ ಎಂಬುದಕ್ಕೆ ಇದ್ದ ಗುರುತು ಅಷ್ಟೇ.

ಅಂದು ಒಂದು ಮಾತ್ರೆಯನ್ನು ನೀರಿನ ಲೋಟಕ್ಕೆ ಹಾಕಿ ಅಮ್ಮನ ಮುಂದಿಟ್ಟೆ. ಅದು ಕರಗಲಿಲ್ಲ, ನಿಧಾನವಾಗಿ ಅಂಚು ಮಸುಕಾಗಿ, ನೆನೆಸಿದ ಕಾಮಕಸ್ತೂರಿ ಬೀಜದಂತೆ ಸುತ್ತಲೂ ಲೋಳೆ ಕಟ್ಟಿಕೊಂಡು ಉಬ್ಬಿತು. ಆ ಲೋಳೆಯೇ ಇಲ್ಲಿನ ತಂತ್ರಜ್ಞಾನ. ಸೆಲ್ಯುಲೋಸ್‌ನಿಂದ ತಯಾರಿಸಿದ ಪಾಲಿಮರ್ ನೀರು ಹೀರಿ ಲೋಳೆಯಾಗುತ್ತದೆ, ಅದರೊಳಗಿನಿಂದ ಔಷಧ ಗಂಟೆಗಟ್ಟಲೆ ಜಿನುಗುತ್ತದೆ. ಕುಟ್ಟಿದರೆ ದಿನವಿಡೀ ಬರಬೇಕಾದದ್ದು ಒಮ್ಮೆಲೇ ಹೊಟ್ಟೆಗೆ ಸುರಿಯುತ್ತದೆ. ಕೆಲವೊಮ್ಮೆ ಮಲದಲ್ಲಿ ಮಾತ್ರೆಯಂತಹದೇ ಮೆತ್ತನೆಯ ಮುದ್ದೆ ಕಂಡು, ಮಾತ್ರೆ ಹಾಗೆಯೇ ಹೊರಬಂತೆಂದು ಹೆದರುವವರಿದ್ದಾರೆ. ಔಷಧ ಇಳಿದುಹೋದ ಮೇಲೆ ಉಳಿಯುವ ಸಿಪ್ಪೆ ಅದು.

ಈ ವಿದ್ಯೆ ಹೊಸದೇನಲ್ಲ. ಬೇರೆ ಬೇರೆ ದಪ್ಪದ ಲೇಪವಿರುವ ನೂರಾರು ಸಣ್ಣ ಗುಳಿಗೆಗಳನ್ನು ತುಂಬಿದ ಸ್ಪ್ಯಾನ್ಸೂಲ್ ಎಂಬ ಕ್ಯಾಪ್ಸೂಲ್ ಅಮೆರಿಕದಲ್ಲಿ 1952ರಲ್ಲೇ ಬಂದಿತ್ತು. ಮಾತ್ರೆಯನ್ನು ಜನ ಕುಟ್ಟುತ್ತಾರೆಂಬುದೂ ತಯಾರಕರಿಗೆ ಗೊತ್ತಿರದ ಸಂಗತಿಯಲ್ಲ. ಅಲ್ಲಿ 1996ರಲ್ಲಿ ಮಾರುಕಟ್ಟೆಗೆ ಬಂದ ಆಕ್ಸಿಕಾಂಟಿನ್ ಎಂಬ ನೋವಿನ ಮಾತ್ರೆಯನ್ನು ನಶೆಗಾಗಿ ಪುಡಿ ಮಾಡುವವರು ಹೆಚ್ಚಿ, 2010ರಲ್ಲಿ ಅದನ್ನು ಸುಲಭವಾಗಿ ಪುಡಿಯಾಗದಂತೆ ಬದಲಿಸಬೇಕಾಯಿತು. ನಶೆಗೆ ಕುಟ್ಟುವವರಿಗಾಗಿ ಮಾತ್ರೆಯನ್ನೇ ಬದಲಿಸಬಹುದಾದರೆ, ನುಂಗಲಾಗದೆ ಕುಟ್ಟುವ ನಮ್ಮ ಹಿರಿಯರಿಗಾಗಿ ಸ್ಟ್ರಿಪ್ಪಿನ ಮೇಲೆ 'ಕುಟ್ಟಬೇಡಿ, ಅಗಿಯಬೇಡಿ' ಎಂದು ಕನ್ನಡದಲ್ಲಿ ಒಂದು ಸಾಲು ಮುದ್ರಿಸಲು ಏನು ಅಡ್ಡಿ? ರಕ್ತದೊತ್ತಡಕ್ಕೆ ಕೊಡುವ, ಔಷಧವನ್ನು ನಿಧಾನವಾಗಿಯೇ ಬಿಡುವ ಮೆಟೊಪ್ರೊಲಾಲ್ ಸಕ್ಸಿನೇಟ್ ಮಾತ್ರೆಗಳಲ್ಲಿ ನಡುವೆ ಗೀರಿರುವ ಕೆಲವನ್ನು ಎರಡು ಹೋಳು ಮಾಡಬಹುದು, ಆದರೆ ಅಗಿಯುವಂತಿಲ್ಲ. ಇಷ್ಟು ಸೂಕ್ಷ್ಮವನ್ನು ಎರಡು ಅಕ್ಷರಗಳು ಹೇಳಲಾರವು.

ಈಗಿನ ಸಂಶೋಧನೆ, ಕುಟ್ಟುವ ಮತ್ತು ಮರೆಯುವ ಮನುಷ್ಯನನ್ನೇ ಬದಿಗೆ ಸರಿಸುವ ದಾರಿ ಹಿಡಿದಿದೆ. ಸಕ್ಕರೆ ಕಾಯಿಲೆಗೆ ಕೊಡುವ ಸೆಮಾಗ್ಲುಟೈಡ್ ರಕ್ತದ ಪ್ರೋಟೀನಾದ ಆಲ್ಬುಮಿನ್‌ಗೆ ಅಂಟಿಕೊಂಡು ಉಳಿಯುವುದರಿಂದ ವಾರಕ್ಕೊಂದು ಚುಚ್ಚುಮದ್ದು ಸಾಕು. ಎಚ್‌ಐವಿ ಸೋಂಕು ತಡೆಗೆ ಅಮೆರಿಕ 2025ರಲ್ಲಿ ಒಪ್ಪಿಗೆ ನೀಡಿದ ಲೆನಾಕಾಪವಿರ್ ಅನ್ನು ಚರ್ಮದಡಿ ಕೊಡುವುದು ಆರು ತಿಂಗಳಿಗೊಮ್ಮೆ. ನನಗೆ ಇವು ನಿಜಕ್ಕೂ ಮೆಚ್ಚುಗೆಯಾಗಿವೆ. ಆದರೆ ಮಾತ್ರೆ ಒಗ್ಗದಿದ್ದರೆ ನಾಳೆ ನಿಲ್ಲಿಸಬಹುದು, ತಿಂಗಳುಗಟ್ಟಲೆ ಉಳಿಯುವ ಮದ್ದನ್ನು ಹಾಗೆ ಹಿಂದಕ್ಕೆ ಪಡೆಯಲಾಗದು. ಆದ್ದರಿಂದ ಮದ್ದು ದೇಹದಲ್ಲಿ ಉಳಿಯುವ ಅವಧಿ ಹೆಚ್ಚಿದಷ್ಟೂ, ಕೊಡುವ ಮೊದಲು ರೋಗಿಯೊಡನೆ ಆಡುವ ಮಾತೂ ಹೆಚ್ಚಬೇಕು.

ಅಮ್ಮನಿಗೆ ವೈದ್ಯರು ಈಗ ಸಾಧಾರಣ ಮೆಟ್‌ಫಾರ್ಮಿನ್ ಬರೆದಿದ್ದಾರೆ, ದಿನಕ್ಕೆ ಎರಡು ಬಾರಿ, ಊಟದ ಜೊತೆ. ಅದನ್ನು ಕುಟ್ಟಿದರೂ ನಡೆಯುತ್ತದೆ ಎಂದಿದ್ದಾರೆ.