ಕೊಳಚೆ ಘಟಕದ ಹೊರನೀರು: ಯಂತ್ರದ ಅಂಕಿ ನಂಬಿ ದಂಡ ಹಾಕಬೇಕೇ?

ಮೈಸೂರಿನ ಕೊಳಚೆ ನೀರು ವಿದ್ಯಾರಣ್ಯಪುರಂ, ರಾಯನಕೆರೆ ಮತ್ತು ಕೆಸರೆಯ ಮೂರು ಘಟಕಗಳಲ್ಲಿ ಶುದ್ಧವಾಗಿ ಹೊರಬೀಳಬೇಕು. ಆ ಹೊರನೀರನ್ನು ಹಗಲೂ ರಾತ್ರಿ ಯಂತ್ರದಿಂದ ಅಳೆದು, ಅಂಕಿಗಳನ್ನು ಜನರ ಮುಂದಿಟ್ಟು, ಮಿತಿ ಮೀರಿದ ಕೂಡಲೇ ಪಾಲಿಕೆಗೆ ತಾನಾಗಿ ದಂಡ ಬೀಳುವ ಏರ್ಪಾಡು ಬೇಕೇ?

ಪರ: ಕೆಳಗಿನ ಊರಿನವರಿಗೆ ಗೊತ್ತಾಗಲೇಬೇಕು

ಮೈಸೂರಿನ ನೆಲಕ್ಕೆ ಎರಡು ಇಳಿಜಾರು. ಉತ್ತರದ ನೀರು ಕಾವೇರಿಯತ್ತ, ದಕ್ಷಿಣದ್ದು ಕಬಿನಿಯತ್ತ. ಹಳಬರು ಇಂದಿಗೂ ಸೂಯೇಜ್ ಫಾರಂ ಎನ್ನುವ ವಿದ್ಯಾರಣ್ಯಪುರಂ ಕಡೆಯಿಂದ ಹೊರಟ ನೀರು ದಳವಾಯಿ ಕೆರೆಯ ಹಾದಿ ಹಿಡಿದು ಕಬಿನಿ ಕಣಿವೆಗೆ ಇಳಿಯುತ್ತದೆ. ತಿ. ನರಸೀಪುರದಲ್ಲಿ ಕಬಿನಿ ಕಾವೇರಿಯನ್ನು ಕೂಡುವುದರಿಂದ, ನಗರ ಎತ್ತ ಬಿಟ್ಟರೂ ಕೊನೆಗೆ ಸೇರುವುದು ಒಂದೇ ಹೊಳೆಗೆ. ಅದೇ ನೀರಲ್ಲಿ ದನ ತೊಳೆಯುವವರು, ಅದನ್ನೇ ಗದ್ದೆಗೆ ಹಾಯಿಸುವವರು ಮೈಸೂರಿನ ಮತದಾರರಲ್ಲ. ಪಾಲಿಕೆ ಸದಸ್ಯರನ್ನು ತಡೆದು ಕೇಳುವ ಅವಕಾಶ ಅವರಿಗಿಲ್ಲ.

ಮೊದಲು ಗಾತ್ರ ನೋಡೋಣ. ವಿದ್ಯಾರಣ್ಯಪುರಂ ಘಟಕದ ಸಾಮರ್ಥ್ಯ 67.65 ಎಂಎಲ್‌ಡಿ, ಅಂದರೆ ದಿನಕ್ಕೆ 6.7 ಕೋಟಿ ಲೀಟರಿಗೂ ಹೆಚ್ಚು. ನೀರಿನ ಕೊಳೆಗೆ ಮುಖ್ಯ ಅಳತೆ ಬಿಒಡಿ: ಕೊಳೆಯನ್ನು ಅರಗಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ. 2017ರ ಕೇಂದ್ರ ಅಧಿಸೂಚನೆ ಮಹಾನಗರ, ರಾಜಧಾನಿಗಳಿಗೆ ಲೀಟರಿಗೆ 20 ಮಿಲಿಗ್ರಾಂ, ಉಳಿದ ಊರುಗಳಿಗೆ 30 ಎಂದು ಮಿತಿ ಹಾಕಿತು. ಅದು ಸಾಲದು, 10 ಇರಬೇಕು ಎಂದು 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹೇಳಿತು. ಘಟಕ ಪೂರ್ತಿ ತುಂಬಿ ನಡೆಯುವ ದಿನ 30ರ ಮಿತಿಯೊಳಗೇ ಇದ್ದರೂ ಹೊರಹೋದ ಕೊಳೆ ಕೆರೆಯಿಂದ 2 ಟನ್ ಆಮ್ಲಜನಕ ಎಳೆಯುತ್ತದೆ. ಗಾಳಿಯಾಡಿಸುವ ಯಂತ್ರ ಕೆಟ್ಟು ಅಂಕಿ 60ಕ್ಕೆ ಏರಿದ ದಿನ 4 ಟನ್. 10ಕ್ಕೆ ಇಳಿಸಿದರೆ 676 ಕಿಲೋ ಸಾಕು. ಅಂಕಿಯಲ್ಲಿ ಸಣ್ಣದಾಗಿ ಕಾಣುವ ವ್ಯತ್ಯಾಸ ಕೆರೆಯ ಮೀನಿಗೆ ಸಾವು ಬದುಕಿನ ಮಾತು.

ಕೆರೆಯ ಪಾಚಿ ಕೂಡ ರಾತ್ರಿಯೆಲ್ಲ ಆಮ್ಲಜನಕ ತಿನ್ನುತ್ತದೆ. ಬೆಳಗಿನ ಜಾವಕ್ಕೆ ನೀರಲ್ಲಿ ಅದು ತೀರಾ ಕಡಿಮೆ. ಸರಿಯಾಗಿ ಆ ಹೊತ್ತಿಗೆ ಅರೆಶುದ್ಧ ಕೊಳಚೆ ನುಗ್ಗಿದರೆ ಮೀನು ತೇಲುತ್ತವೆ. ಆಗ ಬಾಟಲಿ ಹಿಡಿದು ನಿಂತಿರುವವರು ಯಾರು? ತಿಂಗಳಿಗೊಮ್ಮೆ ಮಾದರಿ ತೆಗೆದರೆ ವರ್ಷಕ್ಕೆ 12 ಬಾಟಲಿ. ವರ್ಷಕ್ಕಿರುವುದು 8,760 ಗಂಟೆ. ಸಾಲದ್ದಕ್ಕೆ ಬಿಒಡಿ ಪರೀಕ್ಷೆಗೆ ಮಾದರಿಯನ್ನು 27 ಡಿಗ್ರಿಯಲ್ಲಿ 3 ದಿನ ಇಡಬೇಕು. ವರದಿ ಕೈಗೆ ಬಂದು ಅಧಿಕಾರಿ ಫೋನ್ ಎತ್ತುವುದೆಂದರೆ, ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ಯಂತ್ರದ ಅಳತೆ ಕರಾರುವಾಕ್ಕಲ್ಲ ಎನ್ನುತ್ತಾರೆ. ಇರಲಿ. ನಿನ್ನೆ 20 ತೋರಿಸುತ್ತಿದ್ದದ್ದು ಇಂದು 50 ತೋರಿಸಿದರೆ ಒಳಗೆ ಏನೋ ಕೆಟ್ಟಿದೆ ಎಂದು ತಿಳಿಯಲು ಅಷ್ಟು ಸಾಕು. ಒಳಹರಿವಿಗೆ ಒಂದು, ಹೊರಹರಿವಿಗೆ ಒಂದು ಮಾಪಕ ಕೂರಿಸಿ, ಯಂತ್ರಗಳು ಎಳೆದ ವಿದ್ಯುತ್ತಿನ ಲೆಕ್ಕವನ್ನೂ ಪಕ್ಕದಲ್ಲಿ ಇಟ್ಟರೆ, ಶುದ್ಧೀಕರಿಸದೆ ನೀರನ್ನು ಪಕ್ಕದ ಕಾಲುವೆಗೆ ತಿರುಗಿಸಿದ ರಾತ್ರಿ ತಾನೇ ಬಯಲಾಗುತ್ತದೆ.

2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದ 351 ಕಲುಷಿತ ನದಿಪಾತ್ರಗಳ ಪಟ್ಟಿ ಹೊರಡಿಸಿತು. ಕರ್ನಾಟಕದ್ದು 17, ಅದರಲ್ಲಿ ನಂಜನಗೂಡಿನಿಂದ ಹೆಜ್ಜಿಗೆವರೆಗಿನ ಕಬಿನಿಯೂ ಒಂದು. ಆ ಕೊಳೆಯಲ್ಲಿ ನಂಜನಗೂಡು ಪಟ್ಟಣದ ಪಾಲೆಷ್ಟು, ಅಲ್ಲಿನ ಕಾರ್ಖಾನೆಗಳದ್ದೆಷ್ಟು, ಮೈಸೂರಿನದ್ದೆಷ್ಟು? ನೀರು ಹೊರಬೀಳುವ ಪ್ರತಿಯೊಂದು ಬಾಯಲ್ಲೂ ಅಳತೆ ಇಲ್ಲದಿದ್ದರೆ ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸುವುದು ನಿಲ್ಲುವುದಿಲ್ಲ.

ಇದು ಹೊಸ ಬೇಡಿಕೆಯೂ ಅಲ್ಲ. 1974ರ ಜಲ ಕಾಯ್ದೆಯ 25ನೇ ಸೆಕ್ಷನ್, ಹೊರಬಿಡುವ ನೀರಿಗೆ ಹಾಕಿದ ಷರತ್ತುಗಳನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಒಂದು ಪುಸ್ತಕದಲ್ಲಿ ಬರೆದಿಡಬೇಕು, ಆ ನೀರಿನಿಂದ ಬಾಧೆಪಡುವ ಯಾರಿಗೂ ಅದನ್ನು ನೋಡಲು ಬಿಡಬೇಕು ಎನ್ನುತ್ತದೆ. ಷರತ್ತು ನೋಡುವ ಹಕ್ಕಿದ್ದ ಮೇಲೆ, ಷರತ್ತು ಪಾಲನೆಯಾಗಿದೆಯೇ ಎಂದು ನೋಡುವ ಹಕ್ಕು ಬೇಡವೇ? 2014ರಲ್ಲಿ ಕೇಂದ್ರ ಮಂಡಳಿ 17 ಬಗೆಯ ಉದ್ದಿಮೆಗಳಿಗೆ ಆನ್‌ಲೈನ್ ಮಾಪಕ ಹಾಕಿಸಲು ಆದೇಶಿಸಿತು. ಸಕ್ಕರೆ ಮತ್ತು ಡಿಸ್ಟಿಲರಿ ಎರಡೂ ಅದರಲ್ಲಿವೆ. ಮಂಡ್ಯದ ಸಕ್ಕರೆ ಕಾರ್ಖಾನೆಗೆ ಒಪ್ಪುವ ನಿಯಮ ಮೈಸೂರಿನ ಪಾಲಿಕೆಗೂ ಅಷ್ಟೇ ಬಿಗಿಯಾಗಿ ಒಪ್ಪಬೇಕು. ದಂಡ ತಾನಾಗಿಯೇ ಬೀಳಬೇಕು ಎನ್ನುವುದೂ ಇದಕ್ಕೇ: ನೀರು ಬಿಡುವುದು ಸರ್ಕಾರದ ಒಂದು ಕೈ, ಕಾಯುವುದು ಇನ್ನೊಂದು ಕೈ. ಆ ಎರಡು ಕೈಗಳ ನಡುವೆ ನೋಟಿಸು, ಉತ್ತರ, ಮರುನೋಟಿಸು ಓಡಾಡುವಷ್ಟರಲ್ಲಿ ಒಂದು ಬೇಸಿಗೆಯೇ ಕಳೆದುಹೋಗುತ್ತದೆ.

ವಿರೋಧ: ಅಳೆಯಲಾಗದ್ದೇ ಕಾಯಿಲೆ ತರುತ್ತದೆ

ಅಂಕಿ ಪ್ರಕಟಿಸುವುದಕ್ಕೆ ನನ್ನ ತಕರಾರಿಲ್ಲ, ನಾಳೆಯೇ ಪ್ರಕಟಿಸಲಿ. ಆ ಅಂಕಿಯ ಮೇಲೆ ತಾನಾಗಿ ದಂಡ ಬೀಳಬಾರದು ಎಂಬುದು ನನ್ನ ವಾದ.

ಕೊಳಚೆ ನೀರಿನಿಂದ ಜನರಿಗೆ ವಾಂತಿಭೇದಿ ಬರುವುದು ಮಲದ ರೋಗಾಣುಗಳಿಂದ. 2017ರ ಅಧಿಸೂಚನೆಯಲ್ಲೂ ಮಲಜನ್ಯ ಕೋಲಿಫಾರ್ಮ್ ಬ್ಯಾಕ್ಟೀರಿಯಾ 100 ಮಿಲಿಲೀಟರಿಗೆ 1,000ದ ಒಳಗಿರಬೇಕು ಎಂದಿದೆ. ಹೊರಬಾಯಿಯಲ್ಲಿ ಕೂರಿಸುವ ಮಾಮೂಲಿ ಮಾಪಕ ಅದನ್ನು ಅಳೆಯುವುದೇ ಇಲ್ಲ. ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ ಬೆಳೆಸಿಯೇ ನೋಡಬೇಕು. ಮೊಬೈಲಿನಲ್ಲಿ ಹಸಿರು ಬಣ್ಣದ ಅಂಕಿ ಕಂಡ ರೈತ ಆ ನೀರಿನಲ್ಲಿ ಕೊತ್ತಂಬರಿ ಸೊಪ್ಪು ತೊಳೆದರೆ ಹೊಣೆ ಯಾರು? ನನಗೆ ಎಲ್ಲಕ್ಕಿಂತ ಹೆಚ್ಚು ಭಯವಿರುವುದು ಇದರ ಬಗ್ಗೆ.

ಬಿಒಡಿಯನ್ನೂ ಆ ಯಂತ್ರ ನೇರವಾಗಿ ಅಳೆಯುವುದಿಲ್ಲ. ಸಾಮಾನ್ಯವಾಗಿ ನೀರಿನೊಳಗೆ ಬೆಳಕು ಹಾಯಿಸಿ, ಅದು ಎಷ್ಟು ಹೀರಿಕೊಂಡಿತು ಎಂಬುದರಿಂದ ಬಿಒಡಿ ಇಷ್ಟಿರಬಹುದು ಎಂದು ಲೆಕ್ಕ ಹಾಕುತ್ತದೆ. ಆ ಲೆಕ್ಕವನ್ನು ಆಯಾ ಘಟಕದ ನೀರಿಗೇ ಹೊಂದಿಸಿ, ಮತ್ತೆ ಮತ್ತೆ ಪ್ರಯೋಗಾಲಯದ ಫಲಿತಾಂಶದೊಂದಿಗೆ ತಾಳೆ ನೋಡಬೇಕು. ಗಾಜಿನ ಮೇಲೆ ಲೋಳೆ ಕಟ್ಟಿದರೆ ಒಳ್ಳೆಯ ನೀರೂ ಕೆಟ್ಟದಾಗಿ ಕಾಣುತ್ತದೆ. ಇಂಥ ಅಂದಾಜನ್ನು ಕಾನೂನೂ ಸಾಕ್ಷಿಯಾಗಿ ಎಣಿಸಿಲ್ಲ. ಅದೇ ಜಲ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಮಾದರಿ ತೆಗೆಯುವಾಗಲೇ ನೋಟಿಸು ಕೊಡಬೇಕು, ನೀರನ್ನು ಎರಡು ಭಾಗ ಮಾಡಿ ಸೀಲು ಹಾಕಬೇಕು. ಆ ಕ್ರಮ ತಪ್ಪಿದರೆ ವರದಿ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಪರವಾದಿಗಳು 25ನೇ ಸೆಕ್ಷನ್ ಓದಿದ ಕಣ್ಣಿನಲ್ಲೇ ಇದನ್ನೂ ಓದಲಿ.

ಇನ್ನು ಘಟಕಕ್ಕೆ ಬರದೇ ಇರುವ ನೀರು. ಒಳಚರಂಡಿ ಸಂಪರ್ಕವಿಲ್ಲದ ಹೊಸ ಬಡಾವಣೆಯ ಕೊಳಚೆ, ಮಳೆಗಾಲದಲ್ಲಿ ಮ್ಯಾನ್‌ಹೋಲ್ ಉಕ್ಕಿ ರಾಜಕಾಲುವೆ ಸೇರುವ ಕೊಳಚೆ, ಯಾವ ಮಾಪಕದ ಮುಂದೆಯೂ ಹಾಯುವುದಿಲ್ಲ. ಘಟಕಕ್ಕೆ ಮಾತ್ರ ದಂಡ ಹಾಕಿದರೆ ಒಳಗೆ ನೀರು ತೆಗೆದುಕೊಳ್ಳದಿರುವುದೇ ಪಾಲಿಕೆಗೆ ಲಾಭ. ಹೆಚ್ಚು ಕೊಳಚೆ ಶುದ್ಧಮಾಡಲು ಹೋದ ಎಂಜಿನಿಯರಿಗೆ ದಂಡ. ತಾನೇ ತಾನಾಗಿ ಹಳ್ಳಕ್ಕೆ ಹರಿಯಲು ಬಿಟ್ಟವರಿಗೆ ಏನೂ ಇಲ್ಲ. ಹರಿವಿನ ಮಾಪಕ ಇದನ್ನು ಹಿಡಿಯುತ್ತದೆ ಎಂಬ ಮಾತು ಘಟಕದ ಗೇಟಿನವರೆಗೆ ನಿಜ, ಅದರಾಚೆಗೆ ಅಲ್ಲ.

ದಂಡದ ಹಣ ಬರುವುದು ಎಲ್ಲಿಂದ? ನೀರಿನ ಬಿಲ್ಲು ಮತ್ತು ಮನೆ ಕಂದಾಯದಿಂದ. 2022ರ ಅಕ್ಟೋಬರಿನಲ್ಲಿ ಹಸಿರು ನ್ಯಾಯಮಂಡಳಿ ಘನ ಮತ್ತು ದ್ರವ ತ್ಯಾಜ್ಯದ ನಿರ್ವಹಣೆ ಸರಿಯಿಲ್ಲವೆಂದು ಕರ್ನಾಟಕಕ್ಕೆ 2,900 ಕೋಟಿ ರೂಪಾಯಿ ಪರಿಹಾರ ವಿಧಿಸಿತು. ಅಂಥ ಮೊತ್ತಕ್ಕೂ ಬಗ್ಗದ ವ್ಯವಸ್ಥೆ ಯಂತ್ರ ಕಳಿಸುವ ಸಣ್ಣ ಸಣ್ಣ ದಂಡಕ್ಕೆ ಬಗ್ಗುತ್ತದೆಂದು ನನಗನಿಸುವುದಿಲ್ಲ. ಮೈಸೂರಿನ ಘಟಕಗಳು ದೊಡ್ಡ ಹೊಂಡಗಳಲ್ಲಿ ಗಾಳಿಯಾಡಿಸಿ, ಹೂಳು ತಳಕ್ಕೆ ಕೂರಿಸುವ ಹಳೆಯ ವಿಧಾನದವು. ಹೂಳು ತುಂಬಿದಷ್ಟೂ ಹೊಂಡ ಕಿರಿದಾಗುತ್ತದೆ, ನೀರು ಒಳಗೆ ನಿಲ್ಲುವ ಹೊತ್ತು ಕಡಿಮೆಯಾಗುತ್ತದೆ, ಬಿಒಡಿ ಏರುತ್ತದೆ. ಇಂಥ ಹೊಂಡದಿಂದ ಪ್ರತಿದಿನ 10ರ ಅಂಕಿ ಕೇಳುವುದೆಂದರೆ ಹೊಸ ಘಟಕವನ್ನೇ ಕೇಳಿದಂತೆ. ಕೇಳೋಣ, ಆದರೆ ಕಟ್ಟಲು ದುಡ್ಡು ಕೊಟ್ಟು ಕೇಳೋಣ.

ಅಲ್ಲಿಯವರೆಗೆ ಇದ್ದ ಹಣದಲ್ಲಿ ಮೊದಲು ಹೂಳು ತೆಗೆಸಬೇಕು. ಕರೆಂಟು ಹೋದಾಗಲೂ ಗಾಳಿಯಂತ್ರ ತಿರುಗಲು ಜನರೇಟರು ಬೇಕು. ಗಂಟೆಗೊಮ್ಮೆ ತಾನೇ ನೀರು ತುಂಬಿಕೊಂಡು ತಂಪಿನಲ್ಲಿಡುವ ಪೆಟ್ಟಿಗೆ ಬೇಕು. ಇಡೀ ದಿನದ ಮಿಶ್ರ ಮಾದರಿ ಅದರಿಂದ ಸಿಗುತ್ತದೆ, ಬೆಳಗಿನ ಜಾವದ ಕಳ್ಳತನವೂ ಅದರಲ್ಲಿ ಬೆರೆತಿರುತ್ತದೆ. ಆ ಮಾದರಿಯ ಬಿಒಡಿಯನ್ನೂ, ಬೇರೆಯಾಗಿ ತೆಗೆದ ಹೊಸ ಮಾದರಿಯ ಕೋಲಿಫಾರ್ಮನ್ನೂ ಪ್ರತಿ ವಾರ ದಳವಾಯಿ ಕೆರೆ ಕೆಳಗಿನ ಗ್ರಾಮ ಪಂಚಾಯಿತಿಗಳ ಫಲಕದಲ್ಲಿ ಕನ್ನಡದಲ್ಲಿ ಬರೆಸಬೇಕು, ಈ ವಾರ ಈ ನೀರನ್ನು ಸೊಪ್ಪಿಗೆ ಹಾಕಬೇಡಿ ಎಂಬ ಎಚ್ಚರಿಕೆಯ ಸಮೇತ.